ಮೇಷ್ಟ್ರ ಆತ್ಮಿಕ ಜೀವನ

ನೈರೋಬಿಯಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಹುಟ್ಟಿಕೊಳ್ಳುವುದು ಒಂದು ವಾಟ್ಸಾಪ್ ಗುಂಪು, ಆಮೇಲೆ ಒಂದು ಕಮಿಟಿ, ಅದರ ಹಿಂದೆಯೇ ಸತ್ತವರ ಜೀವನವನ್ನು ಅಚ್ಚು ಹಾಕಿದ ಬಣ್ಣದ ಪುಸ್ತಿಕೆ. ಆ ಪುಸ್ತಿಕೆಗೆ ಒಂದು ಕ್ರಮವಿದೆ. ಜನನ, ವಿದ್ಯಾಭ್ಯಾಸ, ಉದ್ಯೋಗ, ಸಂಸಾರ, ಅದಾದ ಮೇಲೆ ‘ಆತ್ಮಿಕ ಜೀವನ’, ಕೊನೆಗೆ ಕಾಯಿಲೆ. ಆತ್ಮಿಕ ಜೀವನದ ಕೆಳಗೆ ಇಂಥ ವರ್ಷ ಇಂಥ ಸಭೆಯಲ್ಲಿ ಇವರು ಯೇಸುವನ್ನು ತಮ್ಮ ರಕ್ಷಕನೆಂದು ಸ್ವೀಕರಿಸಿದರು ಎಂಬ ಸಾಲು ಇರಲೇಬೇಕು. ಬದುಕಿರುವಷ್ಟು ದಿನ ಚರ್ಚಿನ ಮೆಟ್ಟಿಲು ಹತ್ತದವನಿಗೂ ನೆಂಟರು ಸೇರಿ ಹೇಗೋ ಒಂದು ವರ್ಷ ಹುಡುಕಿ ಕೊಡುತ್ತಾರೆ. ಎಷ್ಟೋ ಸಲ ಆ ಸಾಲು ಓದಿ ಒಳಗೊಳಗೇ ನಕ್ಕಿದ್ದೇನೆ. ಅದನ್ನು ಬರೆಯುವ ಕೆಲಸ ನನ್ನ ತಲೆಗೇ ಬಂದಾಗ ನಗು ಬರಲಿಲ್ಲ.

ತೀರಿಕೊಂಡವರು ನಮ್ಮ ಶಾಲೆಯ ಗಣಿತದ ಮೇಷ್ಟ್ರು, ಇಲ್ಲಿಯ ಮಕ್ಕಳ ಬಾಯಲ್ಲಿ ‘ಮ್ವಾಲಿಮು’. ಮೈಸೂರಿನವರು, ಸಂಧ್ಯಾವಂದನೆ ಮಾಡದೆ ಕಾಫಿ ಮುಟ್ಟದವರು. ಇಪ್ಪತ್ತಾರು ವರ್ಷ ಅವರು ಪಾಠ ಹೇಳಿದ್ದು ಒಂದು ಕ್ರೈಸ್ತ ಹೆಣ್ಣುಮಕ್ಕಳ ಶಾಲೆಯಲ್ಲಿ. ನಾನು ತುಮಕೂರು ಕಡೆಯ ಒಬ್ಬ ಉಪದೇಶಿಯ ಮಗಳು, ಅಲ್ಲೇ ಜೀವಶಾಸ್ತ್ರ ಕಲಿಸುತ್ತೇನೆ. ಹತ್ತೊಂಬತ್ತು ವರ್ಷ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜು ಒಂದಕ್ಕೊಂದು ತಾಗಿಕೊಂಡಿತ್ತು. ಇಡೀ ಶಾಲೆಗೆ ನಾವಿಬ್ಬರೇ ಕನ್ನಡದವರು. ಹೆಡ್‌ಮಿಸ್ಟ್ರೆಸ್‌ ಎದುರಿಗೇ ಆಕೆಯನ್ನು ಬೈಯಲು ಅದು ಬಹಳ ಅನುಕೂಲವಾಗಿತ್ತು. ಬೈಯುತ್ತಿದ್ದವಳು ನಾನು. ಅವರು ಕನ್ನಡಕ ಒರೆಸುತ್ತಾ, “ಹೋಗಲಿ ಬಿಡಮ್ಮ, ಆಕೆಗೂ ಮೇಲಿನವರ ಕಾಟ ಇರುತ್ತೆ” ಅನ್ನುತ್ತಿದ್ದರು. ಆ ಸಮಾಧಾನ ನೋಡಿ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದವರಿಗೆ ಡಾಕ್ಟರು ಕೆಲವು ತಿಂಗಳು ಅಂದರು. ಅಷ್ಟೂ ಸಿಗಲಿಲ್ಲ. ಒಂದು ಸಂಜೆ ನೋಡಲು ಹೋದಾಗ ಅವರ ಹೆಂಡತಿ ಕೆಳಗೆ ಔಷಧಿ ತರಲು ಹೋಗಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಕೋಣೆಯಲ್ಲಿ ಮೇಷ್ಟ್ರು, ನಾನು ಇಬ್ಬರೇ. ಅವರ ಮುಖ ಮಗುವಿನ ಮುಖದಷ್ಟು ಚಿಕ್ಕದಾಗಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಒಂದೇ ಒಂದು ಸಲವೂ ಇವರ ಹತ್ತಿರ ರಕ್ಷಣೆಯ ಮಾತು ಎತ್ತಲಿಲ್ಲವಲ್ಲ ಎಂಬುದು ಆ ನಿಮಿಷಕ್ಕೆ ಎದೆಗೆ ಗುದ್ದಿದ ಹಾಗೆ ಬಂತು. ಸೌಜನ್ಯ ಅಂತ ಸುಮ್ಮನಿದ್ದೆ. ಆ ಸೌಜನ್ಯಕ್ಕೆ ಇವರು ನಿತ್ಯಜೀವವನ್ನೇ ಕಳೆದುಕೊಂಡರೆ ನಾನು ಯಾರಿಗೆ ಉತ್ತರ ಹೇಳಲಿ?

“ಮೇಷ್ಟ್ರೇ, ಪ್ರಾರ್ಥನೆ ಮಾಡ್ಲಾ?” ಅಂದೆ.

“ಮಾಡಮ್ಮ, ಅದಕ್ಕೇನಂತೆ” ಅಂದರು.

ಅಪ್ಪ ಮಾಡುತ್ತಿದ್ದ ಹಾಗೆ ಕನ್ನಡದಲ್ಲಿ ಮಾಡಿದೆ. ಮೊದಲು ಆರೋಗ್ಯಕ್ಕೆ ಕೇಳಿದೆ. ಆಮೇಲೆ ಧೈರ್ಯ ಮಾಡಿ ದಾರಿ ಬದಲಿಸಿದೆ. ಈ ನಿನ್ನ ಮಗ ನಿನ್ನನ್ನೇ ನಂಬಿ ಬರುತ್ತಿದ್ದಾನೆ, ಇವನ ಪಾಪಗಳನ್ನು ಕ್ಷಮಿಸಿ ನಿನ್ನ ರಾಜ್ಯದಲ್ಲಿ ಸೇರಿಸಿಕೋ ಕರ್ತನೇ ಎಂದು ಅವರ ಪರವಾಗಿ ನಾನೇ ಹೇಳಿಬಿಟ್ಟೆ. ಅವರನ್ನು ಕೇಳಲಿಲ್ಲ. ಕೇಳಿದರೆ ಬೇಡ ಅಂದಾರು ಎಂಬ ಭಯ. ಪ್ರಾರ್ಥನೆ ಮುಗಿಸಿ ಕಣ್ಣು ತೆರೆದೆ. ಆಮೇಲೆ ಅವರು ಸ್ಪಷ್ಟವಾಗಿ “ಆಮೆನ್” ಅಂದರು.

ಇದು ಸಣ್ಣ ವಿಷಯವಲ್ಲ. ಶಾಲೆಯಲ್ಲಿ ದಿನಾ ಬೆಳಗ್ಗೆ ಪ್ರಾರ್ಥನೆಗೆ ಮೇಷ್ಟ್ರು ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ತಲೆ ಬಾಗಿಸುತ್ತಿದ್ದರು. ಆದರೆ ಆಮೆನ್ ಅನ್ನುವಾಗ ತುಟಿ ಮುಚ್ಚಿಕೊಳ್ಳುತ್ತಿದ್ದರು. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ನಿಂತು ಇದನ್ನು ಕದ್ದು ನೋಡಿದವಳು ನಾನು. ಹಾಗಿರುವಾಗ ಅವತ್ತು ಅಂದರು ಅಂದರೆ ಅದಕ್ಕೆ ಅರ್ಥ ಇರಲೇಬೇಕು ಅನ್ನಿಸಿತು. ಐದು ದಿನಕ್ಕೆ ಅವರು ಹೋದರು.

ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದ ಮರುದಿನ ಶಾಲೆಯ ಚಾಪ್ಲಿನ್ ನನ್ನನ್ನು ಕರೆಸಿದರು. ಚಾಪ್ಲಿನ್ ಅಂದರೆ ನಮ್ಮ ಶಾಲೆಯ ಪಾದ್ರಿ, ಇಲ್ಲಿಯ ಹೆಂಗಸು, ನನಗಿಂತ ಚಿಕ್ಕವರು, ಒಳ್ಳೆಯ ಮನಸ್ಸಿನವರು. ಶುಕ್ರವಾರ ಚಾಪೆಲ್ಲಿನಲ್ಲಿ ಮೇಷ್ಟ್ರ ಸ್ಮರಣೆಯ ಆರಾಧನೆ. ಪುಸ್ತಿಕೆ ನಾನು ಬರೆಯಬೇಕು, ಅವರ ಕಡೆಯವಳು ಅಂತ. ಬುಧವಾರ ನಾಲ್ಕು ಗಂಟೆಯೊಳಗೆ ಪ್ರೆಸ್ಸಿಗೆ ಹೋಗಬೇಕು.

“ಅವರು ಕರ್ತನಲ್ಲಿ ತೀರಿಕೊಂಡರೇ?” ಎಂದು ಚಾಪ್ಲಿನ್ ಕೇಳಿದರು.

“ತುಂಬಾ ಒಳ್ಳೆಯವರು” ಅಂದೆ.

“ಅದು ನನಗೂ ಗೊತ್ತು. ನಾನು ಕೇಳಿದ್ದು ಅದಲ್ಲ.”

ಅವರಿಗೆ ಒಂದು ಪದ್ಧತಿ ಇತ್ತು. ಯಾರ ಸ್ಮರಣೆಯ ಆರಾಧನೆಯಾದರೂ ಕೊನೆಗೆ ಫೋಟೋ ಕಡೆ ತಿರುಗಿ ‘ತುತವೋನಾನ’ ಅನ್ನುತ್ತಿದ್ದರು. ಇಲ್ಲಿ ಬೀದಿಯಲ್ಲಿ, ಮಟಾಟು ವ್ಯಾನಿನಿಂದ ಇಳಿಯುವಾಗ, ಎಲ್ಲರೂ ಹೇಳುವ ಮಾತೇ ಅದು, ಮತ್ತೆ ಸಿಗೋಣ ಅಂತ. ಆದರೆ ಅವರು ಹೇಳಿದಾಗ ಪರಲೋಕದಲ್ಲಿ ಸಿಗೋಣ ಎಂದು ಅರ್ಥ. ಮುನ್ನೂರು ಹುಡುಗಿಯರು ಒಟ್ಟಿಗೆ ತಿರುಗಿ ಹೇಳುತ್ತಿದ್ದರು. ಶಾಲೆಯ ಅಡುಗೆಯಮ್ಮ ಹೋದಾಗ ಹಾಗೆ ಹೇಳಿದ್ದನ್ನು ಕೇಳಿ ನನ್ನ ಮೈ ಜುಮ್ಮೆಂದಿತ್ತು.

“ಗೊತ್ತಿಲ್ಲದೆ ನಾನು ಮಕ್ಕಳಿಗೆ ಆ ಮಾತು ಹೇಳಲಾರೆ” ಅಂದರು ಚಾಪ್ಲಿನ್. “ಈಗಾಗಲೇ ಬಂದು ಕೇಳುತ್ತಿದ್ದಾರೆ, ಮ್ವಾಲಿಮು ಎಲ್ಲಿದ್ದಾರೆ ಅಂತ. ನಿನಗೆ ಏನಾದರೂ ಗೊತ್ತಿದ್ದರೆ ಆತ್ಮಿಕ ಜೀವನದ ಕೆಳಗೆ ಬರೆ. ನೀನು ಬರೆದಿದ್ದನ್ನು ನಾನು ನಂಬುತ್ತೇನೆ.”

ನನಗೆ ಕೆಂಡದಂಥ ಸಿಟ್ಟು ಬಂತು. ಇಪ್ಪತ್ತಾರು ವರ್ಷ ನಿಮ್ಮ ಮಕ್ಕಳಿಗೆ ಲೆಕ್ಕ ಕಲಿಸಿದವರಿಗೆ ಒಂದು ಮಾತು ಹೇಳಲು ಸಾಕ್ಷಿ ಬೇಕಾ ಅಂತ ಕೇಳಿಯೂ ಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ಒಳ್ಳೆಯತನಕ್ಕೆ ಸಿಗುವುದಾಗಿದ್ದರೆ ಕ್ರಿಸ್ತನು ಯಾಕೆ ಸಾಯಬೇಕಿತ್ತು, ನೀನೇ ಹೇಳು” ಅಂದರು. ಅದೇ ಮಾತು ಕೇಳಿಕೊಂಡು ಬೆಳೆದವಳು ನಾನು.

ಅಪ್ಪ ಸೈಕಲ್ಲಿನಲ್ಲಿ ಹಳ್ಳಿಹಳ್ಳಿ ತಿರುಗಿ ವಾಕ್ಯ ಹೇಳುತ್ತಿದ್ದವರು. ನಮ್ಮ ಊರಲ್ಲಿ ಒಬ್ಬಳು ಸೂಲಗಿತ್ತಿ ಇದ್ದಳು, ಹಿಂದೂ. ನನ್ನ ಮತ್ತು ನನ್ನ ತಮ್ಮಂದಿರ ಹೆರಿಗೆ ಮಾಡಿಸಿದವಳು. ಅವಳು ಸತ್ತ ದಿನ ಅಪ್ಪ ಊಟ ಮಾಡಲಿಲ್ಲ. ಅವಳು ಎಲ್ಲಿಗೆ ಹೋದಳು ಅಂತ ಅಮ್ಮ ಕೇಳಿದಳು. “ವಾಕ್ಯ ಏನು ಹೇಳುತ್ತೋ ಅದೇ” ಅಂದು ಅಪ್ಪ ಹಿತ್ತಲಿಗೆ ಹೋಗಿ ಅತ್ತರು. ಅಳುವಷ್ಟು ದುಃಖವಿದ್ದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇಲ್ಲಿ ಲಂಗಾಟಾದಲ್ಲಿ ನಮ್ಮ ಪಕ್ಕದ ಮನೆಯ ಕ್ಯಾಥೋಲಿಕ್ ಗೆಳತಿಗೆ ಇದೆಲ್ಲ ಸಲೀಸು. ತನ್ನದಲ್ಲದ ತಪ್ಪಿಗೆ ಕ್ರಿಸ್ತನನ್ನು ತಿಳಿಯದೆ ಹೋದವನು ಮನಸ್ಸಾಕ್ಷಿಯಂತೆ ನಡೆದಿದ್ದರೆ ದೇವರು ಕೈಬಿಡುವುದಿಲ್ಲ ಅಂತ ತಮ್ಮ ಚರ್ಚೇ ಕಲಿಸುತ್ತದೆ ಅಂದಳು. ಒಂದು ನಿಮಿಷ ಹಗುರಾಯಿತು. ಆಮೇಲೆ ಯೋಚಿಸಿದೆ. ಹತ್ತೊಂಬತ್ತು ವರ್ಷ ಉಪದೇಶಿಯ ಮಗಳ ಪಕ್ಕ ಕೂತವರಿಗೆ ತಿಳಿದಿರಲಿಲ್ಲ ಅಂದರೆ ಆ ತಪ್ಪು ಯಾರದು? ತಿಳಿದಿತ್ತು ಅಂದರೆ ಅವರು ಬೇಡ ಅಂದ ಹಾಗಾಯಿತು. ಎರಡು ಕಡೆಯೂ ನನಗೆ ನೆಮ್ಮದಿ ಇರಲಿಲ್ಲ.

ಅವರ ಒಳ್ಳೆಯತನ ಎಂಥದ್ದು ಅಂತ ಒಂದು ವಿಷಯ ಹೇಳಿಬಿಡುತ್ತೇನೆ. ಗಣೇಶನ ಹಬ್ಬದ ಮರುದಿನ ಅವರು ನನಗೆ ಡಬ್ಬಿಯಲ್ಲಿ ಕಡುಬು ತರುತ್ತಿದ್ದರು. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಾರದು ಅಂತ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ನಾನು ನಗುನಗುತ್ತಾ ತೆಗೆದುಕೊಂಡು, ಸಂಜೆ ಗೇಟಿನ ಕಾವಲುಗಾರನಿಗೆ ಕೊಟ್ಟು ಹೋಗುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು. ಏಳನೇ ವರ್ಷ ಆ ಮಹಾರಾಯ ನೇರವಾಗಿ ಮೇಷ್ಟ್ರಿಗೇ ಅಸಾಂಟೆ ಎಂದು ಥ್ಯಾಂಕ್ಸ್ ಹೇಳಿಬಿಟ್ಟ, ಪ್ರತಿ ವರ್ಷ ತುಂಬಾ ರುಚಿಯಾಗಿರುತ್ತದೆ ಅಂತ. ನಾನು ನೆಲ ನೋಡುತ್ತಾ ನಿಂತೆ. ಮುಂದಿನ ವರ್ಷ ಮೇಷ್ಟ್ರು ಎರಡು ಡಬ್ಬಿ ತಂದರು. ಒಂದು ಅವನಿಗೆ. ಇನ್ನೊಂದನ್ನು ನನ್ನ ಮೇಜಿನ ಮೇಲಿಟ್ಟು, “ಇದು ನೈವೇದ್ಯಕ್ಕೆ ಮುಂಚೆ ಎತ್ತಿಟ್ಟಿದ್ದು, ನೀನು ತಿನ್ನಬಹುದು” ಅಂದರು. ದೇವರಿಗೆ ಇಡುವ ಮೊದಲು ಬೇರೆಯವರಿಗೆ ಎತ್ತಿಡುವುದು ಅವರ ಮನೆಯಲ್ಲಿ ನಡೆಯುವ ಮಾತೇ ಅಲ್ಲ. ಅಕ್ಕ ನನಗೋಸ್ಕರ ಅದನ್ನೂ ಮಾಡಿದರು. ಅಲ್ಲಿಂದ ಮುಂದೆ ಪ್ರತಿ ವರ್ಷ ನಾನು ಆ ಕಡುಬು ತಿಂದಿದ್ದೇನೆ.

ಇಂಥವರನ್ನು ಹೊರಗೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಮಂಗಳವಾರ ಸಂಜೆ ಆತ್ಮಿಕ ಜೀವನದ ಕೆಳಗೆ ಬರೆದೆ. “ಕೊನೆಯ ದಿನಗಳಲ್ಲಿ, ಆಸ್ಪತ್ರೆಯಲ್ಲಿ, ಅವರು ಪ್ರಾರ್ಥನೆಯ ಮೂಲಕ ತಮ್ಮನ್ನು ಕರ್ತನಿಗೆ ಒಪ್ಪಿಸಿಕೊಂಡರು.” ಒಂದೊಂದೇ ಪದ ಹಿಡಿದು ನೋಡಿದೆ. ಆಸ್ಪತ್ರೆ ನಿಜ, ಪ್ರಾರ್ಥನೆ ನಿಜ, ಆಮೆನ್ ನಿಜ. ಅಷ್ಟು ನಿಜಗಳನ್ನು ಜೋಡಿಸಿದರೂ ಸಾಲು ಓದಿದಾಗ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿತ್ತು.

ಅಚ್ಚಿಗೆ ಮುಂಚೆ ಮನೆಯವರು ಒಪ್ಪಬೇಕು, ಅದು ಇಲ್ಲಿಯ ಪದ್ಧತಿ. ಎಂಬಕಸಿಯಲ್ಲಿ ಕೆಲಸ ಮಾಡುವ ಮೇಷ್ಟ್ರ ಮಗನಿಗೆ ಫೋನ್ ಮಾಡಿದರೆ, ಅಮ್ಮನನ್ನೇ ಕೇಳಿ ಆಂಟಿ ಅಂತ ಇಂಗ್ಲಿಷಿನಲ್ಲಿ ಹೇಳಿ ಇಟ್ಟುಬಿಟ್ಟ. ಬುಧವಾರ ಮಧ್ಯಾಹ್ನ ಸೌತ್ ಸಿ ಬಡಾವಣೆಯ ಅವರ ಮನೆಗೆ ಹೋದೆ. ಅಕ್ಕ ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು. ಹುಟ್ಟಿದ ಊರಿನ ಹೆಸರು ಸರಿಮಾಡಿದರು. ಆ ಸಾಲಿನ ಹತ್ತಿರ ಬಂದರು. ಅವರು ಓದಿ, ಮತ್ತೊಂದು ಸಲ ಓದಿ, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಅವತ್ತು ಸಂಜೆ ನೀನು ಬಂದಿದ್ಯಲ್ಲ, ಅದಾ?”

“ಹೌದು ಅಕ್ಕ. ಪ್ರಾರ್ಥನೆ ಮಾಡಿದೆ. ಅವರೂ ಆಮೆನ್ ಅಂದ್ರು.”

“ಹೇಳಿದ್ರು ನನಗೆ. ನೀನು ಹೋದ ಮೇಲೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “‘ಪಾಪ, ತುಂಬಾ ಹೆದರಿಕೊಂಡಿದ್ಲು ಕಣೇ. ಆಮೆನ್ ಅಂದೆ, ಸ್ವಲ್ಪ ಸಮಾಧಾನ ಆಯ್ತು ಅಂತ ಕಾಣುತ್ತೆ’ ಅಂದ್ರು.”

ನಾನು ಕೂತಲ್ಲೇ ಕುಗ್ಗಿಹೋದೆ. ಸಾಯುತ್ತಿದ್ದವರು ಅವರು, ಸಮಾಧಾನ ಸಿಕ್ಕಿದ್ದು ನನಗೆ. ಅದನ್ನೇ ಅವರ ರಕ್ಷಣೆ ಅಂತ ಬರೆದುಕೊಂಡು ಅವರ ಹೆಂಡತಿಯ ಒಪ್ಪಿಗೆ ಕೇಳಲು ಬಂದಿದ್ದೆ.

“ತೆಗೆದುಬಿಡ್ತೀನಿ ಅಕ್ಕ” ಅಂದೆ.

“ಇರಲಿ ಬಿಡು.”

“ಬೇಡ ಅಕ್ಕ, ಅದು ಸರಿಯಲ್ಲ.”

“ಇರಲಿ ಅಂದ್ನಲ್ಲ. ನನಗೇನೂ ಅಭ್ಯಂತರ ಇಲ್ಲ” ಅಂದು ಹಾಳೆ ವಾಪಸು ಕೊಟ್ಟರು. ಇವರೂ ಗಂಡನ ಹಾಗೆ ನನ್ನ ಮರ್ಯಾದೆ ಉಳಿಸಲು ಹೇಳುತ್ತಿದ್ದಾರೆ ಅಂದುಕೊಂಡೆ. ಅವರ ಮುಖವನ್ನು ಸರಿಯಾಗಿ ನೋಡಲೂ ಇಲ್ಲ, ಅಷ್ಟು ನಾಚಿಕೆಯಾಗಿತ್ತು.

ಮೊಂಬಾಸಾ ರಸ್ತೆಯಲ್ಲಿ ಕಾರು ಅಲ್ಲಾಡಲಿಲ್ಲ. ಮುಂದೆ ಲಾರಿ, ಪಕ್ಕದಲ್ಲಿ ಹಾರ್ನ್ ಹೊಡೆಯುವ ಮಟಾಟು. ಮೂರೂವರೆ ಆಗಿತ್ತು, ಪ್ರೆಸ್ಸಿನವನು ಎರಡು ಸಲ ಫೋನ್ ಮಾಡಿದ್ದ. ಸಾಲು ಇಟ್ಟರೆ ಶುಕ್ರವಾರ ಚಾಪ್ಲಿನ್ ತುತವೋನಾನ ಹೇಳುತ್ತಾರೆ, ಮಕ್ಕಳು ನೆಮ್ಮದಿಯಾಗಿ ಹೋಗುತ್ತಾರೆ, ಯಾರಿಗೂ ನಷ್ಟವಿಲ್ಲ. ಆದರೆ ಅದು ಸುಳ್ಳು. ಜೊತೆಗೆ, ಮೇಷ್ಟ್ರಿಂದ ಅವರ ದೇವರನ್ನು ಕಿತ್ತುಕೊಂಡು ನನ್ನ ದೇವರಿಗೆ ಕೊಟ್ಟ ಹಾಗೆ. ಫೋನಿನಲ್ಲೇ ಆ ಸಾಲು ಅಳಿಸಿದೆ. ಅದರ ಜಾಗದಲ್ಲಿ ಬರೆದೆ. “ಅವರು ಹಿಂದೂ. ದಿನಾ ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಶಾಲೆಗೆ ಬರುತ್ತಿದ್ದರು. ನಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಇಪ್ಪತ್ತಾರು ವರ್ಷ ನಮ್ಮ ಜೊತೆ ಎದ್ದು ನಿಂತರು.” ಕಳಿಸಿದೆ. ಆಮೇಲೆ ಚಾಪ್ಲಿನ್‌ಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು “ನಿಜ ಹೇಳಿದ್ದಕ್ಕೆ ಅಸಾಂಟೆ” ಅಂದರು. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಪುಸ್ತಿಕೆ ನೋಡಿದಾಗ ತಿಳಿಯುತ್ತದೆ, ಸಂತೋಷಪಡುತ್ತಾರೆ ಅಂದುಕೊಂಡೆ. ಬಹಳ ದಿನದ ಮೇಲೆ ಒಂದು ನೆಟ್ಟಗಿನ ಕೆಲಸ ಮಾಡಿದೆ ಎಂದು ನನಗೆ ಹೆಮ್ಮೆಯೂ ಆಗಿತ್ತು.

ಶುಕ್ರವಾರ ಚಾಪೆಲ್ ತುಂಬಿತ್ತು. ಅಕ್ಕ ಮುಂದಿನ ಬೆಂಚಿನಲ್ಲಿ ಮಗನ ಪಕ್ಕ ಕೂತಿದ್ದರು, ಪುಸ್ತಿಕೆ ತೊಡೆಯ ಮೇಲೆ. ಪುಸ್ತಿಕೆಯನ್ನು ಎಲ್ಲರ ಎದುರು ಓದುವುದೂ ನನ್ನ ಪಾಲಿಗೇ ಬಂದಿತ್ತು. ಆತ್ಮಿಕ ಜೀವನ ಬಂದಾಗ ದನಿ ಎತ್ತರಿಸಿಯೇ ಓದಿದೆ. ಹುಡುಗಿಯರು ಅಲ್ಲಾಡದೆ ಕೇಳಿದರು. ಚಾಪ್ಲಿನ್ ಕೊಟ್ಟ ಉಪದೇಶ ಚೆನ್ನಾಗಿತ್ತು. ಯಾವ ಮಗುವನ್ನೂ ದಡ್ಡಿ ಅನ್ನದ ಮೇಷ್ಟ್ರಿಗಾಗಿ ಅವರು ದೇವರಿಗೆ ಮನಸಾರೆ ಸ್ತೋತ್ರ ಮಾಡಿದರು, ಕಣ್ಣಲ್ಲಿ ನೀರಿತ್ತು. ಕೊನೆಗೆ ಫೋಟೋ ಕಡೆ ತಿರುಗಿದರು. ಮುನ್ನೂರು ಹುಡುಗಿಯರೂ ತಿರುಗಿದರು. ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಚಾಪ್ಲಿನ್ “ಅಸಾಂಟೆ, ಮ್ವಾಲಿಮು” ಅಂದು ತಲೆ ಬಾಗಿಸಿ ಕೆಳಗಿಳಿದರು. ಹಿಂದಿನ ಸಾಲಿನಲ್ಲಿ ಯಾವುದೋ ಮಗು ಬಿಕ್ಕಿದ್ದು ಕೇಳಿಸಿತು.

ಹೊರಗೆ ಹುಡುಗಿಯರೆಲ್ಲ ಸಾಲಾಗಿ ಬಂದು ಅಕ್ಕನ ಕೈ ಕುಲುಕಿ ಹೋದರು. ಮಗ ಕಾರು ತರಲು ಹೋದ. ಅಕ್ಕ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದರು. ಪುಸ್ತಿಕೆಯ ಬಗ್ಗೆ ಒಳ್ಳೆಯ ಮಾತು ಹೇಳುತ್ತಾರೆ ಅಂತ ಕಾದೆ.

“ಆ ಮಾತು ಹೇಳಲೇ ಇಲ್ಲವಲ್ಲಮ್ಮ” ಅಂದರು.

“ಯಾವ ಮಾತು ಅಕ್ಕ?” ಗೊತ್ತಿದ್ದೂ ಕೇಳಿದೆ.

“ಮತ್ತೆ ಸಿಗೋಣ ಅಂತ. ಅಡುಗೆಯಮ್ಮನಿಗೆ ಹೇಳಿದ್ರಲ್ಲ. ಅವತ್ತು ನಾವಿಬ್ರೂ ಬಂದಿದ್ವಿ. ಮಕ್ಕಳ ಜೊತೆ ಇವರೂ ಹೇಳಿದ್ರು.” ಅವರು ಪುಸ್ತಿಕೆಯನ್ನು ಮಡಿಸಿದರು, ಬಿಡಿಸಿದರು. “ಆ ಸಾಲು ಇದ್ರೆ ಇವರಿಗೂ ಹೇಳ್ತಾರೆ ಅಂತಲೇ ನಾನು ಇರಲಿ ಅಂದಿದ್ದು.”

ನಾನು ಅವರ ಕೈಯಲ್ಲಿದ್ದ ಪುಸ್ತಿಕೆ ನೋಡಿದೆ.

“ಪುರೋಹಿತರು ವೈಕುಂಠ ಅಂದ್ರು. ಅವರಿಗೆ ಒಳ್ಳೇದಾಗುತ್ತೆ, ಅದರಲ್ಲಿ ನನಗೆ ಅನುಮಾನ ಇಲ್ಲ. ನಾನು ಕೇಳ್ತಿರೋದು ನನ್ನ ವಿಷಯ. ನನಗೆ ಸಿಗ್ತಾರಾ? ಇವರೇ, ಇದೇ ಮುಖದಲ್ಲಿ? ಯಾರೂ ಆ ಮಾತು ಎತ್ತಲಿಲ್ಲ. ನಿಮ್ಮಲ್ಲಿ ಎಲ್ಲರ ಎದುರಿಗೆ ಹೇಳ್ತಾರಲ್ಲ, ಒಂದು ಸಲ ಕೇಳಿಸ್ಕೊಂಡು ಹೋಗೋಣ ಅಂತ ಬಂದೆ.”

ನಾನು ನಿಜದ ಹೆಸರಿನಲ್ಲಿ ಅಳಿಸಿಹಾಕಿದ್ದು ಅದೊಂದನ್ನೇ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಆಸ್ಪತ್ರೆಯಲ್ಲೂ ಕೇಳಲಿಲ್ಲ, ಸೌತ್ ಸಿಯಲ್ಲೂ ಕೇಳಲಿಲ್ಲ. ಆ ಕ್ಷಣ ನನ್ನ ಮೇಲೆ ನನಗೆ ಅಸಹ್ಯವಾಯಿತು.

“ನೀನು ಹೇಳು” ಅಂದರು ಅಕ್ಕ. “ನಿನಗೆ ಶಾಸ್ತ್ರ ಗೊತ್ತು. ಸಿಗ್ತಾರಾ?”

ಮಗನ ಕಾರು ಗೇಟಿನ ಹತ್ತಿರ ಬಂದು ನಿಂತಿತ್ತು.

“ಸಿಗ್ತಾರೆ ಅಕ್ಕ” ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. “ನಿನಗೂ ಅಷ್ಟು ಖಾತ್ರಿ ಇಲ್ಲ, ಅಲ್ವಾ?”

ಖಾತ್ರಿ ಇಲ್ಲ ಅಂತ ತಲೆಯಾಡಿಸಿದೆ. ಅವರ ಎದುರಿಗೆ ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ.

“ಪರವಾಗಿಲ್ಲ” ಅಂದರು. “ಇನ್ನೊಂದು ಸಲ ಹೇಳು.”

ಹೇಳಿದೆ.